ಕ್ಷ ಎಂದಿರಲಿ

ಕೆಂಟಕಿಯ ಪಡೂಕಾ, ಲೈಬ್ರರಿಯ ನೆಲಮಾಳಿಗೆ.
ಮಂಗಳವಾರ ಸಂಜೆ ಆರೂವರೆ. ಹೀಟರು ಕೆಮ್ಮುತ್ತದೆ.
ಐವತ್ತೊಂದರ ರಾಯ್ಸ್ ಟ್ಯಾಕೆಟ್
ಚಿಕ್ಕಮಕ್ಕಳ ಕುರ್ಚಿಯಲ್ಲಿ ಮಂಡಿ ಮಡಚಿ ಕೂತಿದ್ದಾನೆ,
ಬೂಟಿನಲ್ಲಿ ಇನ್ನೂ ಹಸಿ ಗ್ರೀಸು.
ಹದಿನಾರಕ್ಕೆ ಬಿಟ್ಟ ಶಾಲೆಯ ಸರ್ಟಿಫಿಕೇಟು
ಈಗ ಬೇಕಂತೆ ಅವನಿಗೆ. ಯಾಕೆಂದು ನಾನು ಕೇಳಿಲ್ಲ.

ಲೆಕ್ಕ ಓದುತ್ತೇನೆ:
ಒಂದು ದೋಣಿ ಹರಿವಿನ ಜೊತೆ ಮೂವತ್ತಾರು ಮೈಲಿ
ಮೂರು ಗಂಟೆಯಲ್ಲಿ ಹೋಗುತ್ತದೆ.
ಅಷ್ಟೇ ದೂರ, ಹರಿವಿಗೆ ಎದುರಾಗಿ ಮರಳಲು ಆರು ಗಂಟೆ.
ನಿಶ್ಚಲ ನೀರಿನಲ್ಲಿ ದೋಣಿಯ ವೇಗವೆಷ್ಟು? ಹೊಳೆಯದೆಷ್ಟು?

ರಾಯ್ಸ್ ಪೆನ್ಸಿಲ್ ಕೆಳಗಿಟ್ಟ.
"ಮಿಸ್ ವನಜಾ, ಹೋದವನು ಕೂಡಲೇ ಯಾಕೆ ತಿರುಗಿ ಬಂದ?
ಏನು ಮರೆತಿದ್ದ?"
ಗೊತ್ತಿಲ್ಲ ಅಂದೆ.
"ಏನು ಹೊತ್ತಿದ್ದ? ಖಾಲಿ ಬಾರ್ಜೋ, ಕಲ್ಲಿದ್ದಲೋ?"
ಪುಸ್ತಕದಲ್ಲಿಲ್ಲ.
"ನೀರಿನ ಮಟ್ಟ?" ಅದೂ ಇಲ್ಲ.
"ಹದಿನೈದು ಬಾರ್ಜು ಕಟ್ಟಿಕೊಂಡು
ನಡುಹೊಳೆ ಹಿಡಿದು ಮೇಲಕ್ಕೆ ಹೋಗುವವನು ಹುಚ್ಚ.
ದಡದ ಪಕ್ಕ ನೀರು ಸೋಮಾರಿ. ಕೆಲವು ಕಡೆ
ಮೂಗಿನ ಕೆಳಗೇ ಹಿಂದಕ್ಕೆ ಹರಿಯುತ್ತದೆ."
ಅದು ಪರೀಕ್ಷೆಗಿಲ್ಲ, ರಾಯ್ಸ್.

ಬೋರ್ಡಿನ ಮೇಲೆ ಎಕ್ಸ್ ಬರೆದೆ, ವೈ ಬರೆದೆ.
ಒಳಗೆ ಮಾತ್ರ ಒಂಬತ್ತನೇ ಕ್ಲಾಸಿನ
ಸತ್ಯಭಾಮಾ ಟೀಚರ ದನಿ, ಸೀಮೆಸುಣ್ಣದ ಕಿರಕಿರ:
ದೋಣಿಯ ವೇಗ ಕ್ಷ ಎಂದಿರಲಿ,
ಹೊಳೆಯದು ಯ ಎಂದಿರಲಿ.
ಇರಲಿ!
ನಮ್ಮಲ್ಲಿ ಲೆಕ್ಕವೆಲ್ಲ ಶುರುವಾಗುವುದೂ ಇದರಿಂದ,
ಜಗಳವೆಲ್ಲ ಮುಗಿಯುವುದೂ ಇದರಿಂದ.
ಒಡೆದ ಲೋಟಕ್ಕೂ ಇರಲಿ, ಬಾರದ ಕಾಗದಕ್ಕೂ ಇರಲಿ,
ಗುರುತಿಲ್ಲದ ಸಂಖ್ಯೆಗೂ ಚಾಪೆ ಹಾಸಿ
ಇರಲಿ, ಕೂರಲಿ, ಆಮೇಲೆ ಹೆಸರು ಕೇಳೋಣ.
ಇದನ್ನು ಇಂಗ್ಲಿಷಿನಲ್ಲಿ ರಾಯ್ಸ್‌ಗೆ ಹೇಳಲು ಹೋಗಿ
ಅರ್ಧಕ್ಕೇ ನಿಲ್ಲಿಸಿದೆ.

ತುಟಿಯೊಳಗೆ ಮಗ್ಗಿ: ಆರಾರ್ಲೆ ಮೂವತ್ತಾರು.
ಹರಿವು ಕೂಡಿದರೆ ಹನ್ನೆರಡು, ಕಳೆದರೆ ಆರು.
ಎರಡನ್ನೂ ಒಂದರ ಕೆಳಗೊಂದು ಬರೆದು ಕೂಡಿಸಿದಾಗ
ಹೊಳೆ ಹೊಳೆಯನ್ನೇ ಹೊಡೆದುಹಾಕಿ ಮಾಯ.
ಉಳಿಯುವುದು ಎರಡು ದೋಣಿ, ಹದಿನೆಂಟು.
ಒಂದಕ್ಕೆ ಒಂಬತ್ತು. ಹೊಳೆಗೆ ಮೂರು.

ರಾಯ್ಸ್ ಬರೆದುಕೊಂಡ. ದುಂಡು ಅಂಕಿ, ನಿಧಾನ.
"ಒಂಬತ್ತು, ಸರಿ. ಆದರೆ ನಿಂತ ನೀರು
ಇಪ್ಪತ್ತೆಂಟು ವರ್ಷದಲ್ಲಿ ನಾನು ಕಂಡದ್ದು ಒಂದೇ ಕಡೆ,
ಲಾಕಿನೊಳಗೆ. ಹಿಂದಿನ ಗೇಟು ಮುಚ್ಚಿ
ಮುಂದಿನದು ತೆರೆಯುವ ಮುನ್ನ.
ಹಗ್ಗ ಬಿಗಿದು ನಿಂತಿರುತ್ತೇವೆ. ಎಂಜಿನ್ನು ಸುಮ್ಮನೆ ಗುರುಗುಡುತ್ತದೆ.
ಆಗ ಮನೆಗೆ ಫೋನ್ ಮಾಡುತ್ತಿದ್ದೆ,
ಎತ್ತುವವರು ಇದ್ದ ಕಾಲದಲ್ಲಿ.
ನಿಶ್ಚಲ ನೀರಿನಲ್ಲಿ ನನ್ನ ದೋಣಿಯ ವೇಗ, ಮ್ಯಾಮ್, ಸೊನ್ನೆ."

ಪುಸ್ತಕದ ಕೊನೆಯಲ್ಲಿ ಉತ್ತರಗಳಿದ್ದವು.
ತೆಗೆದು ನೋಡಲಿಲ್ಲ.

ಆಮೇಲೆ ಎರಡು ವಾರ ಅವನು ಬರಲಿಲ್ಲ.
ಟೋ ಹತ್ತಿದ್ದಾನೆ ಎಂದಳು ಕೌಂಟರಿನ ಓಪಲ್.
ಶನಿವಾರ ಪ್ರವಾಹದ ಗೋಡೆ ದಾಟಿ ಒಹಾಯೋ ದಡಕ್ಕಿಳಿದೆ,
ಟೆನೆಸಿ ಬಂದು ಸೇರುವಲ್ಲಿ. ಎರಡು ಬಣ್ಣದ ನೀರು
ಸ್ವಲ್ಪ ದೂರ ಮಾತಾಡದೆ ಜೊತೆಗೇ ನಡೆಯುತ್ತದೆ.
ದೀಪದ ಕಂಬದಿಂದ ಹಳದಿ ಗೂಟಕ್ಕೆ ನಲವತ್ತು ಹೆಜ್ಜೆ.
ಯ ಎಷ್ಟೆಂದು ನಾನೇ ಅಳೆಯುವ ಹಟ.
ಕಡ್ಡಿಯೊಂದನ್ನು ಎಸೆದೆ, ವಾಚು ಬಿಟ್ಟು
ಬಾಯಲ್ಲೇ ಎಣಿಸಿದೆ, ಒಂದು, ಎರಡು, ಮೂರು.

ಕಡ್ಡಿ ಗೂಟದ ಕಡೆ ಹೋಗಲೇ ಇಲ್ಲ.
ಸುತ್ತು ಹಾಕಿತು, ಯೋಚಿಸಿತು,
ದಡ ಹಿಡಿದು ಮೆಲ್ಲಗೆ ಮೇಲಕ್ಕೆ,
ಹೊಳೆ ಬಂದ ಕಡೆಗೇ ಹೊರಟಿತು,
ನನ್ನ ಬೂಟಿನ ಮುಂದೆಯೇ, ಎಣಿಕೆ ಹದಿನೇಳರಲ್ಲಿ.
ಯ ಈಗ ಸೊನ್ನೆಗಿಂತ ಕಡಿಮೆ.

ಇರಲಿ.